ಬರೆದು ಕೊಟ್ಟ ಅರ್ಥ

ತಾಳಮದ್ದಳೆಯ ಕುರಿತು ಬರೆಯುವವರು ಸಾಮಾನ್ಯವಾಗಿ ದೊಡ್ಡವರಿಂದ ತೊಡಗುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಮಲ್ಪೆ ರಾಮದಾಸ ಸಾಮಗರ ಮಾತಿನ ಓಟ, ದೇರಾಜೆ ಸೀತಾರಾಮಯ್ಯನವರ ನಯಗಾರಿಕೆ ಇವುಗಳನ್ನು ನೆನೆಯದೆ ನಮ್ಮಲ್ಲಿ ಅರ್ಥಗಾರಿಕೆಯ ಮೇಲೆ ಲೇಖನವೇ ಹುಟ್ಟುವುದಿಲ್ಲ. ನೆನೆಯಬೇಕಾದ್ದೇ. ಆದರೆ ಈ ಲೇಖನಕ್ಕೆ ವಸ್ತು ಅವರಲ್ಲ. ಹತ್ತರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅರ್ಥ ಹೇಳಲು ನಾವು ಹೇಗೆ ಕಲಿಸುತ್ತಿದ್ದೇವೆ ಎಂಬುದು ಇಲ್ಲಿಯ ಪ್ರಶ್ನೆ. ಇದು ವಿಮರ್ಶೆಯ ವ್ಯಾಪ್ತಿಗೆ ಬರುತ್ತದೆಯೇ, ಶಾಲಾ ಮಾಸ್ತರರ ಕೆಲಸವಲ್ಲವೇ ಎಂದು ಕೇಳುವವರು ಇದ್ದಾರೆ. ಬರುತ್ತದೆ ಎಂದೇ ನನ್ನ ಅಭಿಪ್ರಾಯ. ಇಂದಿನ ತರಗತಿಯಲ್ಲಿ ಏನು ನಡೆಯುತ್ತದೆಯೋ ಅದೇ ಇನ್ನು ಇಪ್ಪತ್ತು ವರ್ಷಗಳಲ್ಲಿ ನಮ್ಮ ಕೂಟವಾಗಿ ಬಂದು ಕೂತುಕೊಳ್ಳುತ್ತದೆ.

ಮಲಯಾಳದ ಪುಟಗಳಿಂದ ಈಚೆ ಬಂದು ಓದುವ ಗೆಳೆಯರಿಗಾಗಿ ಎರಡು ಮಾತು. ತಾಳಮದ್ದಳೆಯೆಂದರೆ ಯಕ್ಷಗಾನದ ಕುಣಿತ, ವೇಷ ಎರಡನ್ನೂ ಬಿಟ್ಟು ಉಳಿದದ್ದು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಪಾತ್ರವಾಗಿ ಮಾತನಾಡುತ್ತಾರೆ. ಪದ್ಯ ಪುಸ್ತಕದಲ್ಲಿದೆ, ಮಾತು ಎಲ್ಲಿಯೂ ಇಲ್ಲ. ರಾಮನಾದವನು ಏನು ಹೇಳುತ್ತಾನೆಂದು ವಾಲಿಯಾದವನಿಗೆ ಆ ರಾತ್ರಿ ಗೊತ್ತಿರುವುದಿಲ್ಲ. ನೀಲೇಶ್ವರ, ಪಯ್ಯನ್ನೂರು ಕಡೆ ಪೂರಕ್ಕಳಿಯ ಮರತ್ತುಕಳಿಯಲ್ಲಿ ಇಬ್ಬರು ಪಣಿಕ್ಕರು ಎದುರುಬದುರು ನಿಂತು ಶಾಸ್ತ್ರದ ವಾದ ಹೂಡುವುದನ್ನು ಕಂಡವರಿಗೆ ಇದು ಹೊಸತಲ್ಲ. ಚಾಕ್ಯಾರರು ಕೂತ್ತಿನಲ್ಲಿ ಎದುರಿಗೆ ಕೂತ ಸಭಿಕನನ್ನೇ ಕಥೆಯೊಳಗೆ ಎಳೆದುಕೊಳ್ಳುವುದನ್ನು ಕಂಡವರಿಗಂತೂ ಅಲ್ಲವೇ ಅಲ್ಲ. ಆಗಿಂದಾಗ್ಗೆ ಹುಟ್ಟುವ ಮಾತು, ಆಶುಮಾತು, ಈ ಕಲೆಯ ಅಲಂಕಾರವಲ್ಲ, ಅದರ ದೇಹವೇ ಅದು.

ಇಂಥ ಮಾತನ್ನು ಹಿಂದೆ ಯಾರೂ ತರಗತಿ ಮಾಡಿ ಕಲಿಸಲಿಲ್ಲ. ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲಿ, ಭಜನಾ ಮಂದಿರದಲ್ಲಿ ಕೂಟವಾಗುತ್ತಿತ್ತು. ಹುಡುಗ ಮೂಲೆಯಲ್ಲಿ ಕೂತು ಕೇಳುತ್ತಿದ್ದ, ಅರ್ಧ ನಿದ್ದೆ ಮಾಡುತ್ತಿದ್ದ. ಒಂದು ದಿನ ದೂತನ ಪಾತ್ರಕ್ಕೆ ಜನ ಸಾಲದೆ ಅವನನ್ನು ಎಬ್ಬಿಸಿ ಕೂರಿಸುತ್ತಿದ್ದರು. ಎರಡು ವಾಕ್ಯ ಹೇಳಿದರೆ ಆಯಿತು. ಮುಂದಿನ ಸಲ ನಾಲ್ಕು ವಾಕ್ಯ. ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಭಟ್ಟರು ಕಟ್ಟಿದಂಥ ಸಂಘಗಳು ಈ ಕ್ರಮಕ್ಕೆ ಒಂದು ಶಿಸ್ತು ಕೊಟ್ಟವು, ಎಷ್ಟೋ ಅರ್ಥಧಾರಿಗಳನ್ನು ತಯಾರು ಮಾಡಿದವು. ಅಲ್ಲಿಯೂ ಕಲಿಕೆಯೆಂದರೆ ಮುಖ್ಯವಾಗಿ ಕೂಟದಲ್ಲಿ ಕೂತುಕೊಳ್ಳುವುದೇ ಆಗಿತ್ತು.

ಕುಣಿತದ ವಿಷಯ ಬೇರೆ. ಅದಕ್ಕೆ ನಮ್ಮಲ್ಲಿ ಗುರುಪರಂಪರೆ ಉಂಟು. ಪಡ್ರೆ ಚಂದು ಅವರ ಹೆಸರಿನಲ್ಲಿ ಪೆರ್ಲದಲ್ಲೇ ನಾಟ್ಯ ತರಬೇತಿ ಕೇಂದ್ರವಿದೆ. ಈ ಊರಿನವರಿಗೆ ಹೆಜ್ಜೆ ಕಲಿಸುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಗುರು ಹಾಕಿದ ಹೆಜ್ಜೆಯನ್ನು ಶಿಷ್ಯ ಹಾಗೆಯೇ ಹಾಕಬೇಕು, ನೂರು ಸಲ ಹಾಕಬೇಕು, ಕಾಲು ಅದನ್ನು ಮರೆಯದಂತಾಗಬೇಕು. ಹೆಜ್ಜೆಗೆ ಇದೇ ಸರಿಯಾದ ದಾರಿ. ನಮ್ಮ ಮಲಯಾಳಿ ಗೆಳೆಯರ ಮಕ್ಕಳು ಚೆಂಡೆ ಕಲಿಯುವಾಗ ಹುಣಸೆಮರದ ಕೋಲಿನಿಂದ ಕಲ್ಲಿನ ಮೇಲೆ ಬಡಿದು ಬಡಿದು ಕೈ ಹದಮಾಡಿಕೊಳ್ಳುವುದೂ ಇದೇ ಜಾತಿಯ ಸಾಧನೆ.

ತೊಂದರೆ ಸುರುವಾದದ್ದು ಎಲ್ಲಿ? ಚಾವಡಿ ಕೂಟಗಳು ಕಡಿಮೆಯಾದವು. ರಾತ್ರಿಯಿಡೀ ನಡೆಯುತ್ತಿದ್ದದ್ದು ಎರಡು ಮೂರು ಗಂಟೆಯ ಕಾಲಮಿತಿಗೆ ಬಂತು; ಅಷ್ಟರಲ್ಲಿ ದೂತನಿಗೆ ಜಾಗವಿಲ್ಲ, ಎಬ್ಬಿಸಿ ಕೂರಿಸುವ ಹುಡುಗನಿಗೂ ಇಲ್ಲ. ಅದರ ಬದಲಿಗೆ ಶಾಲೆಗಳಲ್ಲಿ, ಸಂಘಗಳಲ್ಲಿ ಆದಿತ್ಯವಾರದ ತರಗತಿಗಳು ಬಂದವು. ಇದು ಒಳ್ಳೆಯದೇ. ಆದರೆ ಮಾತಿಗೆ ತರಗತಿ ಎಂಬುದು ಪರಂಪರೆಯಲ್ಲಿ ಇರಲಿಲ್ಲವಾದ್ದರಿಂದ, ಹೆಜ್ಜೆಗೆ ಇದ್ದ ಕ್ರಮವನ್ನೇ ಮಾತಿಗೂ ತಂದು ಹಚ್ಚಿದೆವು. ಮಾಸ್ತರರು ಒಂದು ಪ್ರಸಂಗಕ್ಕೆ ಪೂರ್ತಿ ಅರ್ಥ ಬರೆಯುತ್ತಾರೆ. ಅದರ ನೆರಳಚ್ಚು ತೆಗೆದು ಮಕ್ಕಳಿಗೆ ಹಂಚುತ್ತಾರೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. ವಾರ್ಷಿಕೋತ್ಸವದ ದಿನ ಒಪ್ಪಿಸುತ್ತಾರೆ.

ಇದರ ಫಲ ಹೇಗಿರುತ್ತದೆಂಬುದಕ್ಕೆ ಒಂದು ಉದಾಹರಣೆ. ಊರು, ಸಂಘ ಯಾವುದೆಂದು ಹೇಳುವ ಅಗತ್ಯವಿಲ್ಲ. ಇದು ಎಲ್ಲಿಯೂ ನಡೆಯುವಂಥದು. ಪ್ರಸಂಗ ಪಾರ್ತಿಸುಬ್ಬನ ವಾಲಿವಧೆ. ವಾಲಿಯಾಗಿ ಹನ್ನೆರಡು ವರ್ಷದ ಹುಡುಗಿ, ರಾಮನಾಗಿ ಅವಳಿಗಿಂತ ಸ್ವಲ್ಪ ದೊಡ್ಡ ಹುಡುಗ. ಹುಡುಗಿಯ ಉಚ್ಚಾರ ಎಷ್ಟು ಶುದ್ಧವಾಗಿತ್ತೆಂದರೆ ಒಂದು ಮಹಾಪ್ರಾಣವೂ ಜಾರಲಿಲ್ಲ. ರಘುಕುಲಕ್ಕೆ ಕಳಂಕ ತಂದವನೇ ಎಂದು ಎತ್ತಿ, ಮರೆಯಲ್ಲಿ ನಿಂತು ಬಾಣ ಬಿಡುವುದು ಕ್ಷಾತ್ರವೇ ಎಂದು ಕೇಳಿ, ಒಂದು ಶ್ಲೋಕವನ್ನೂ ಹೇಳಿ ಮುಗಿಸಿದಳು. ಸಭೆ ಚಪ್ಪಾಳೆ ತಟ್ಟಿತು. ರಾಮನ ಹುಡುಗ ಗಾಬರಿಯಲ್ಲಿ ತನ್ನ ಉತ್ತರದ ಎರಡು ಪ್ಯಾರಾ ಹಾರಿಸಿಬಿಟ್ಟ. ಹಾರಿಸಿ, ಸುಗ್ರೀವನ ಹೆಂಡತಿಯನ್ನು ನೀನು ಅಪಹರಿಸಿದ್ದು ಸರಿಯೋ ಎಂದು ನೇರ ಕೇಳಿದ. ನಿಜವಾಗಿ ಅದು ಬಹಳ ಒಳ್ಳೆಯ ಜಾಗ. ವಾಲಿಯ ಇಡೀ ವಾದ ಅಲ್ಲಿ ಬಂದು ಎಡವಬೇಕು. ಆದರೆ ಹುಡುಗಿಯ ಹಾಳೆಯಲ್ಲಿ ಆ ಪ್ರಶ್ನೆ ಇನ್ನೂ ಬಂದಿರಲಿಲ್ಲ. ಅವಳು ಅವನ ಮುಖ ನೋಡಿದಳು, ಮಾಸ್ತರರ ಮುಖ ನೋಡಿದಳು, ಕೊನೆಗೆ ತನ್ನ ಹಾಳೆಯ ಕ್ರಮದಂತೆ, ಅವನು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಹೇಳಿದಳು. ಮುಂದೆ ಏಳೆಂಟು ನಿಮಿಷ ಇಬ್ಬರೂ ಪರಸ್ಪರ ಸಂಬಂಧವಿಲ್ಲದ ಮಾತುಗಳನ್ನು ಶುದ್ಧ ಉಚ್ಚಾರದಲ್ಲಿ ಆಡಿದರು. ಭಾಗವತರು ಜಾಣರು, ಪದ್ಯ ಎತ್ತಿ ಉಳಿಸಿದರು.

ಆ ಮಕ್ಕಳ ತಪ್ಪು ಏನೂ ಇಲ್ಲ. ಅವರಿಗೆ ಕೊಟ್ಟದ್ದನ್ನು ಅವರು ನಿಷ್ಠೆಯಿಂದ ಒಪ್ಪಿಸಿದ್ದಾರೆ. ಅವರಿಗೆ ಕೊಡದೆ ಹೋದದ್ದು ಒಂದೇ: ಎದುರಿನವನ ಮಾತನ್ನು ಕೇಳುವ ಕೆಲಸ.

ಬರೆದು ಕೊಟ್ಟ ಅರ್ಥದಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳಲಾರೆ. ಮಗುವಿನ ಬಾಯಿಗೆ ಒಳ್ಳೆಯ ಕನ್ನಡ ವಾಕ್ಯದ ರುಚಿ ಹತ್ತುತ್ತದೆ. ಸಭಾಕಂಪ ಬಿಡುತ್ತದೆ. ನಮ್ಮ ಕಡೆ ಈಗ ಮಲಯಾಳ ಮಾಧ್ಯಮದಲ್ಲಿ ಓದುವ ಕನ್ನಡ, ತುಳು ಮನೆಯ ಮಕ್ಕಳು ಎಷ್ಟೋ ಮಂದಿ. ಅವರಲ್ಲಿ ಕೆಲವರು ಕನ್ನಡದ ಅರ್ಥವನ್ನು ಮಲಯಾಳ ಲಿಪಿಯಲ್ಲಿ ಬರೆದಿಟ್ಟುಕೊಂಡು ಕಲಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರಿಗೆ ಆ ಹಾಳೆಯಾದರೂ ಇರಲಿ ಎಂದು ಮಾಸ್ತರರು ವಾದಿಸಿದರೆ ಅದಕ್ಕೆ ಥಟ್ಟನೆ ಉತ್ತರ ಹೇಳುವುದು ಕಷ್ಟ. ಈ ಪ್ರಶ್ನೆಗೆ ಮುಂದೆ ಬರುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ದೂರ ಹೋಗಿ ಬರಬೇಕಾಗಿದೆ, ಏಕೆಂದರೆ ಇದೇ ಬಿಕ್ಕಟ್ಟನ್ನು ಎದುರಿಸಿದ ಇನ್ನೊಂದು ಕಲೆ ಜಗತ್ತಿನಲ್ಲಿದೆ.

ಜಾಝ್ ಎಂಬ ಹೆಸರು ನಮಗೆ ತೀರ ಪರಕೀಯವೇನಲ್ಲ. ಬಂಟ್ವಾಳದ ಸಜಿಪಮೂಡದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕಥೆ ಎಲ್ಲರಿಗೂ ಗೊತ್ತು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ಅವರು ವೇದಿಕೆಯಲ್ಲಿ ಕೂಡಿಕೊಂಡರು. ಅಮೆರಿಕದಲ್ಲೇ ಬೆಳೆದ ಭಾರತೀಯ ಮೂಲದ ರುದ್ರೇಶ ಮಹಂತಪ್ಪ ಎಂಬ ಸ್ಯಾಕ್ಸೊಫೋನ್ ವಾದಕರು 2008ರಲ್ಲಿ ಗೋಪಾಲನಾಥರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನು ತಂದರು. 2019ರಲ್ಲಿ ಗೋಪಾಲನಾಥರು ತೀರಿಕೊಂಡರು. ಸ್ವರದ ಲೆಕ್ಕ ಬೇರೆ ಬೇರೆಯಾದ ಎರಡು ಸಂಗೀತಗಳು ಒಂದೇ ವೇದಿಕೆಯಲ್ಲಿ ಹೊಂದಿಕೊಂಡದ್ದಕ್ಕೆ ಕಾರಣ, ಎರಡರಲ್ಲೂ ಕಲಾವಿದ ಅಲ್ಲಿಯೇ ಆಗಲೇ ಹುಟ್ಟಿಸಬೇಕಾದ ಭಾಗವೊಂದು ಇರುವುದು. ನಾವು ಅದನ್ನು ಮನೋಧರ್ಮ ಎನ್ನುತ್ತೇವೆ.

ಜಾಝಿನಲ್ಲಿಯೂ ಮೊದಲು ಈ ಭಾಗವನ್ನು ಯಾರೂ ತರಗತಿಯಲ್ಲಿ ಕಲಿಸುತ್ತಿರಲಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ 1913ರಲ್ಲಿ ನ್ಯೂ ಆರ್ಲಿಯನ್ಸಿನ ಬಾಲಕರ ಸುಧಾರಣಾ ಶಾಲೆಯ ಬ್ಯಾಂಡಿನಲ್ಲಿ ಕಾರ್ನೆಟ್ ಊದಲು ಕಲಿತರು. ಆದರೆ ಮನೋಧರ್ಮ ಕಲಿತದ್ದು ಆ ಊರಿನ ಬೀದಿಗಳಲ್ಲಿ, ಹಿರಿಯ ವಾದಕರ ಬೆನ್ನ ಹಿಂದೆ. ನಮ್ಮ ಚಾವಡಿಯ ಮೂಲೆಯಂತೆಯೇ. ಅಲ್ಲಿಯ ಹಿರಿಯರೂ ಮೃದುವಾಗಿರಲಿಲ್ಲ. 1936ರಲ್ಲಿ ಹದಿಹರೆಯದ ಚಾರ್ಲಿ ಪಾರ್ಕರ್ ಕಾನ್ಸಾಸ್ ಸಿಟಿಯ ಒಂದು ಕೂಟದಲ್ಲಿ ನುಡಿಸುತ್ತ ದಾರಿ ತಪ್ಪಿದಾಗ ಜೋ ಜೋನ್ಸ್ ಎಂಬ ತಾಳವಾದಕರು ತನ್ನ ಕಂಚಿನ ತಾಳವನ್ನೇ ಕಳಚಿ ಅವನ ಕಾಲಬುಡಕ್ಕೆ ಎಸೆದರಂತೆ. ನಮ್ಮಲ್ಲಿ ತಾಳ ಎಸೆದದ್ದನ್ನು ನಾನು ಕೇಳಿಲ್ಲ. ಹೊಸ ಅರ್ಥಧಾರಿಯನ್ನು ಸಭೆಯಲ್ಲಿ ಮಾತಿನಿಂದಲೇ ಎಸೆದದ್ದನ್ನು ಬೇಕಾದಷ್ಟು ಕೇಳಿದ್ದೇವೆ.

ಮುಂದೆ ಅಲ್ಲಿಯೂ ತರಗತಿ ಬಂತು. 1945ರಲ್ಲಿ ಬಾಸ್ಟನ್ನಿನಲ್ಲಿ ಇಂದಿನ ಬರ್ಕ್ಲಿ ಕಾಲೇಜಿನ ಮೂಲವಾದ ಶಾಲೆ ತೆರೆಯಿತು. 1947ರಲ್ಲಿ ಟೆಕ್ಸಾಸಿನ ಒಂದು ಕಾಲೇಜು ಇದಕ್ಕೆ ಪದವಿ ಶಿಕ್ಷಣ ತೊಡಗಿತು. ಕ್ರಮೇಣ ಸಣ್ಣ ಶಾಲೆಗಳ ಬ್ಯಾಂಡುಗಳಿಗೂ ಜಾಝ್ ಇಳಿಯಿತು. ಅಮೆರಿಕದಲ್ಲಿ ಶಾಲಾ ಬ್ಯಾಂಡ್ ಎಂದರೆ ಸ್ವಾತಂತ್ರ್ಯೋತ್ಸವಕ್ಕೆ ಮಾತ್ರ ಹೊರಡುವಂಥದಲ್ಲ, ಅದೊಂದು ಪಾಠ. ಹತ್ತು ಹನ್ನೊಂದು ವರ್ಷದ ಮಕ್ಕಳು ಕ್ಲಾರಿನೆಟ್ಟನ್ನೋ ಟ್ರಂಪೆಟ್ಟನ್ನೋ ಹಿಡಿದು ಸ್ವರಲಿಪಿ ನೋಡಿ ನುಡಿಸಲು ಕಲಿಯುತ್ತಾರೆ. ಜಾಝಿನ ಹಾಳೆ ಅವರ ಮುಂದಿಟ್ಟಾಗ ಒಂದು ವಿಚಿತ್ರ ಕಾಣುತ್ತದೆ. ನಡುವೆ ಒಂದು ಭಾಗದಲ್ಲಿ ಸ್ವರಗಳೇ ಇಲ್ಲ. ಬರೇ ಓರೆಗೆರೆಗಳು, ಅವುಗಳ ಮೇಲೆ ಹಿನ್ನೆಲೆಯ ಸ್ವರಗುಚ್ಛದ ಹೆಸರು. ಅಲ್ಲಿ ಮಗು ತನ್ನದೇ ಆದುದನ್ನು ನುಡಿಸಬೇಕು. ಮಗು ಹೆದರುತ್ತದೆ. ಆದ್ದರಿಂದ ಪ್ರಕಾಶಕರು ಆ ಖಾಲಿ ಜಾಗಕ್ಕೂ ಸ್ವರ ಬರೆದು ಅಚ್ಚುಹಾಕಿ ಕೊಡುತ್ತಾರೆ. ಮಗು ಅದನ್ನು ಒಪ್ಪಿಸುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ.

ಅಲ್ಲಿಯ ನೆರಳಚ್ಚು ಇದು.

ಆದರೆ ಅಲ್ಲಿಯ ಒಳ್ಳೆಯ ಶಿಕ್ಷಕರು ಇದರಿಂದ ಸಮಾಧಾನಪಡಲಿಲ್ಲ. ಅವರು ಹಿಡಿದ ದಾರಿ ಸರಳವಾದದ್ದು, ನಮಗೆ ವಿಚಾರಕ್ಕೆ ಯೋಗ್ಯವಾದದ್ದು. ಎಲ್ಲ ಸ್ವರಗಳನ್ನು ಕಲಿತ ಮೇಲೆ ಮನೋಧರ್ಮ ಎಂಬ ಕ್ರಮವನ್ನು ಅವರು ತಲೆಕೆಳಗು ಮಾಡಿದರು. ಮೊದಲ ದಿನವೇ ಎರಡು ಸ್ವರ ಕೊಡುತ್ತಾರೆ, ಎರಡೇ. ಶಿಕ್ಷಕರು ನಾಲ್ಕು ಎಣಿಕೆಯೊಳಗೆ ಆ ಎರಡರಿಂದ ಏನೋ ಒಂದು ನುಡಿಸುತ್ತಾರೆ. ಮಕ್ಕಳು ಕೇಳಿ ಹಾಗೆಯೇ ನುಡಿಸುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ‘ಹಾಗೆಯೇ’ ಬೇಡ, ಜವಾಬು ಕೊಡಿ ಎನ್ನುತ್ತಾರೆ. ಸ್ವರ ಅವೇ ಎರಡು. ಬದಲಾಗುವುದು ಲಯ, ಒತ್ತು, ಮೌನ. ಎರಡು ಸ್ವರದಲ್ಲಿ ತಪ್ಪು ನುಡಿಸಲು ಅವಕಾಶವೇ ಇಲ್ಲವಾದ್ದರಿಂದ ಹೆದರಿಕೆ ಹೋಗುತ್ತದೆ. ಮುಂದೆ ಮೂರು, ಐದು. ಆಮೇಲೆ ಬ್ಲೂಸ್ ಎಂಬ ಹನ್ನೆರಡು ಆವರ್ತದ ಚೌಕಟ್ಟು. ಅದಕ್ಕೆ ಬೇಕಾದ್ದು ಮೂರೇ ಸ್ವರಗುಚ್ಛ. ನಾಲ್ಕು ಆವರ್ತ ನೀನು, ನಾಲ್ಕು ಆವರ್ತ ನಾನು ಎಂದು ಹಂಚಿಕೊಂಡು ನುಡಿಸುವುದೂ ಉಂಟು, ನಮ್ಮ ಸವಾಲು ಜವಾಬಿನ ಹಾಗೆ. ಇಷ್ಟೆಲ್ಲ ನಡೆಯುವಾಗ ಹಿಂದಿನ ಡ್ರಮ್ಮು, ಬಾಸು, ಪಿಯಾನೊ ನಿಲ್ಲುವುದಿಲ್ಲ. ಯಾವ ಮಗು ಎಡವಿದರೂ ಆವರ್ತ ಮುಂದೆ ಹೋಗುತ್ತದೆ, ಮುಂದಿನ ಆವರ್ತದಲ್ಲಿ ಮಗು ಹತ್ತಿಕೊಳ್ಳಬಹುದು. ಇಂಡಿಯಾನಾದ ಜೇಮಿ ಏಬರ್‌ಸೋಲ್ಡ್ ಎಂಬವರು 1967ರಲ್ಲಿ ಇದಕ್ಕೆಂದೇ ಒಂದು ಗ್ರಾಮಫೋನ್ ತಟ್ಟೆ ಹೊರಡಿಸಿದರು. ಅದರಲ್ಲಿ ಹಿನ್ನೆಲೆ ವಾದ್ಯಗಳು ಮಾತ್ರ ಇದ್ದವು, ಮುಂದಿನವನ ಜಾಗ ಖಾಲಿ. ಕಲಿಯುವವನು ಮನೆಯಲ್ಲಿ ತಟ್ಟೆ ಹಾಕಿ ಆ ಖಾಲಿಯನ್ನು ತಾನೇ ತುಂಬಬೇಕು. ಆ ಮಾಲೆ ನೂರನ್ನು ಮೀರಿ ಬೆಳೆಯಿತು.

ಹಾಗಾದರೆ ಬಾಯಿಪಾಠಕ್ಕೆ ಅಲ್ಲಿ ಸ್ಥಾನವಿಲ್ಲವೇ? ಇದೆ, ಬಹಳ ದೊಡ್ಡದು. ಮೇಲೆ ಹೇಳಿದ ಪಾರ್ಕರ್ ಅವಮಾನವಾದ ಮರುವರ್ಷ, 1937ರ ಬೇಸಗೆಯಲ್ಲಿ, ಬೆಟ್ಟದ ಊರೊಂದಕ್ಕೆ ಕೆಲಸಕ್ಕೆ ಹೋಗುವಾಗ ಕೌಂಟ್ ಬೇಸಿಯವರ ತಟ್ಟೆಗಳನ್ನು ಹೊತ್ತುಕೊಂಡು ಹೋಗಿ, ಅವುಗಳಲ್ಲಿ ಲೆಸ್ಟರ್ ಯಂಗ್ ನುಡಿಸಿದ್ದನ್ನು ಕೇಳಿ ಕೇಳಿ ಕಂಠಸ್ಥ ಮಾಡಿಕೊಂಡರು. ಹಿಂದೆ ಬಂದಾಗ ಅವರು ಬೇರೆಯೇ ಮನುಷ್ಯ. ಇಲ್ಲಿ ಒಂದು ಸೂಕ್ಷ್ಮವಿದೆ. ಪಾರ್ಕರ್ ಕಲಿತದ್ದು ಕಿವಿಯಿಂದ, ತನಗೆ ಬೇಕೆಂದು, ಒಬ್ಬ ನಿಜವಾದ ಕಲಾವಿದ ಒಂದು ನಿಜವಾದ ಸಂದರ್ಭದಲ್ಲಿ ಹುಟ್ಟಿಸಿದ್ದನ್ನು. ಆ ಕಾರಣದಿಂದ ಅದು ಅವರ ಬೆರಳಲ್ಲಿ ಕರಗಿ ಬೇರೆಯಾಗಿ ಬಂತು. ನಾವು ಮಕ್ಕಳಿಗೆ ಕೊಡುವ ಹಾಳೆ ಯಾವ ಕೂಟದಲ್ಲೂ ಯಾರೂ ಆಡಿದ ಮಾತಲ್ಲ, ಮೇಜಿನ ಮೇಲೆ ಹುಟ್ಟಿದ ಭಾಷಣ. ಬಾಯಿಪಾಠವೇ ಆಗಬೇಕಿದ್ದರೆ ಶೇಣಿಯವರ ಧ್ವನಿಮುದ್ರಣಗಳು ಈಗ ಪ್ರತಿಯೊಬ್ಬರ ಮೊಬೈಲಿನಲ್ಲಿ ಸಿಗುತ್ತವೆ. ಹತ್ತು ನಿಮಿಷದ ವಾಲಿಯನ್ನು ಕೇಳಿಸಿ, ಮಗು ಕಿವಿಯಿಂದ ಎಷ್ಟು ಹಿಡಿಯುತ್ತದೋ ಅಷ್ಟನ್ನೇ ಹಿಡಿಯಲಿ. 1918ರಲ್ಲಿ ಹುಟ್ಟಿ 2006ರವರೆಗೆ ನಮ್ಮೊಡನಿದ್ದ ಆ ಮಹಾನುಭಾವರು ವಾಲಿ, ರಾವಣ, ಮಾಗಧರ ಒಳಗಿನಿಂದ ವಾದ ಹೂಡಿದವರು; ಅದೇ ನಾಲಗೆಯಿಂದ ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪಬ್ಯಾರಿಯನ್ನೂ ಸೃಷ್ಟಿಸಿದವರು. ಗಡಿನಾಡಿನ ಹಲವು ಭಾಷೆಗಳ ಕಿವಿ ಇಲ್ಲದವನಿಗೆ ಅದು ಸಾಧ್ಯವಿಲ್ಲ.

ಈಗ ನಮ್ಮ ಊರಿಗೆ ಬರೋಣ. ಹಾಳೆ ಹಂಚದೆ ಕಲಿಸುವುದು ಸಾಧ್ಯವೇ ಎಂಬುದು ಬರೇ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ. ನಮ್ಮ ಕಡೆಯ ಒಬ್ಬ ನಿವೃತ್ತ ಮಾಸ್ತರರು ಎರಡು ವರ್ಷಗಳಿಂದ ತಮ್ಮ ಮನೆಯ ಜಗಲಿಯಲ್ಲಿ ಒಂಬತ್ತು ಮಕ್ಕಳೊಡನೆ ಇದನ್ನು ಮಾಡುತ್ತಿದ್ದಾರೆ. ಹೆಸರು ಹಾಕಬಾರದೆಂದು ಅವರ ಅಪ್ಪಣೆ. ಜಾಝಿನ ಹೆಸರನ್ನು ಅವರು ಕೇಳಿದ್ದು ನನ್ನಿಂದ, ಅದೂ ತಮ್ಮ ಕ್ರಮ ಸುರುಮಾಡಿ ಆರು ತಿಂಗಳಾದ ಮೇಲೆ. ಆದ್ದರಿಂದ ಅಲ್ಲಿಂದ ಎರವಲು ತಂದದ್ದೆಂದು ಯಾರೂ ತಿಳಿಯಬಾರದು.

ಅವರ ಕ್ರಮ ಹೀಗೆ. ಒಂದು ಪದ್ಯ ಹಾಡುತ್ತಾರೆ. ಅದರ ತಾತ್ಪರ್ಯವನ್ನು ಮಕ್ಕಳು ಮೊದಲು ಮನೆಮಾತಿನಲ್ಲಿ ಹೇಳಬೇಕು. ತುಳುವಾದರೆ ತುಳು, ಮಲಯಾಳವಾದರೆ ಮಲಯಾಳ. ಜಗಲಿಯಲ್ಲಿ ಮರಾಠಿಯೂ ಹವ್ಯಕವೂ ಕೇಳುತ್ತವೆ. (ಇದರಲ್ಲಿ ಆಶ್ಚರ್ಯವಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಒಂದೇ ಬೆಳಗ್ಗೆ ಐದು ಭಾಷೆಗಳಲ್ಲಿ ಬಡ್ಡಿಯ ಲೆಕ್ಕ ಹೇಳಬೇಕಾದ ಊರು ಇದು. ಇಲ್ಲಿಯ ಜನ ಮಾತನ್ನು ಬರೆದು ತರುವುದಿಲ್ಲ. ಚಲನನ್ನು ಬರೆದು ತರಬೇಕು, ಅದನ್ನು ನಮ್ಮಿಂದಲೇ ಬರೆಸುತ್ತಾರೆ.) ಅನಂತರ ಅದನ್ನೇ ಕನ್ನಡದಲ್ಲಿ ಮೂರು ವಾಕ್ಯದಲ್ಲಿ ಹೇಳಬೇಕು. ನಾಲ್ಕನೆಯದು ಕೂಡದು. ಎದುರಿನವನು ಉತ್ತರ ಕೊಡುವಾಗ ಇವನಾಡಿದ ಒಂದು ಶಬ್ದವನ್ನು ಎತ್ತಿಕೊಂಡೇ ತೊಡಗಬೇಕು, ಅವನಿಗೂ ಮೂರೇ ವಾಕ್ಯ. ಶ್ರುತಿಪೆಟ್ಟಿಗೆ ಇಡೀ ಹೊತ್ತು ಹಾಡುತ್ತಿರುತ್ತದೆ. ಮಾತು ತೋಚದಿದ್ದರೆ ಸುಮ್ಮನೆ ಕೂರಬಹುದು, ಶ್ರುತಿ ಇದೆ. ಯಾರೂ ‘ಹೇಳು, ಹೇಳು’ ಎಂದು ತಿವಿಯಕೂಡದು. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು. ಮೊದಲ ವರ್ಷ ಶ್ಲೋಕ, ಗಾದೆ, ಉಪಮೆ ನಿಷಿದ್ಧ. ಶೃಂಗಾರವಿಲ್ಲದ ಮಾತಿನಲ್ಲಿ ವಾದ ನಿಂತುಕೊಳ್ಳುತ್ತದೋ ಎಂದು ನೋಡುವುದಕ್ಕೆ.

ಎರಡು ಸ್ವರ, ಮೂರು ವಾಕ್ಯ. ನಿಲ್ಲದ ತಾಳ, ನಿಲ್ಲದ ಶ್ರುತಿ. ಸಾದೃಶ್ಯ ನಾನು ಎಳೆದು ತಂದದ್ದಲ್ಲವೆಂದು ಓದುಗರು ಒಪ್ಪುತ್ತಾರೆಂದು ನಂಬುತ್ತೇನೆ.

ಆ ಜಗಲಿಯಲ್ಲಿ ಕೇಳಿದ ವಾಲಿ ರಾಮರ ಮಾತು ಇದು. ವಾಲಿ: “ನೀನು ಮರದ ಹಿಂದೆ ನಿಂತು ಹೊಡೆದೆ. ನಾನು ನಿನಗೆ ಏನೂ ಮಾಡಿದವನಲ್ಲ. ಎದುರು ಬರಲಿಕ್ಕೆ ನಿನಗೆ ಹೆದರಿಕೆಯಾ?” ರಾಮ: “ಎದುರು ಬಂದದ್ದು ನಿನ್ನ ತಮ್ಮ. ಅವನ ಮಾತನ್ನು ನೀನು ಕೇಳಿದೆಯಾ? ಕೇಳದವನ ಎದುರು ಬಂದು ಏನು ಮಾಡುವುದು?” ಇದು ಮಹಾ ಅರ್ಥಗಾರಿಕೆಯಲ್ಲ. ಪಂಡಿತರು ಇದರಲ್ಲಿ ಹತ್ತು ಕೊರತೆ ಹೇಳಬಹುದು. ಆದರೆ ‘ಎದುರು’ ಎಂಬ ಶಬ್ದ ಒಬ್ಬನ ಬಾಯಿಂದ ಇನ್ನೊಬ್ಬನ ಬಾಯಿಗೆ ಹೋಗುವಷ್ಟರಲ್ಲಿ ಅರ್ಥ ಬದಲಾಯಿಸಿಕೊಂಡಿತು. ತಾಳಮದ್ದಳೆಯ ಬೀಜ ಅಷ್ಟೇ.

ಆಕ್ಷೇಪಗಳಿವೆ. ಹೀಗೆ ಬಿಟ್ಟರೆ ಮಕ್ಕಳು ಕವಿಯ ಆಶಯ ಮೀರಿ ಏನೇನೋ ಹೇಳುತ್ತಾರೆ, ಔಚಿತ್ಯ ಕೆಡುತ್ತದೆ ಎಂಬುದು ಒಂದು. ಕೆಡುತ್ತದೆ, ಒಬ್ಬ ಕೃಷ್ಣ ಕೌರವನಿಗೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆಂದು ಹೆದರಿಸಿದ್ದನ್ನು ನಾನೇ ಕೇಳಿದ್ದೇನೆ. ಆದರೆ ಮೂರು ವಾಕ್ಯದಲ್ಲಿ ಕೆಟ್ಟದ್ದು ಮೂರು ವಾಕ್ಯದಲ್ಲಿ ಸರಿಯಾಗುತ್ತದೆ, ಮತ್ತು ಅದು ಜಗಲಿ, ಸಭೆಯಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಪುರಾಣದ ಓದು, ಶಬ್ದಭಂಡಾರ ಇಲ್ಲದೆ ಆಶುಮಾತು ಎಂದರೆ ಬರಿಗೈಯಲ್ಲಿ ಅಂಗಡಿ ತೆರೆದಂತೆ ಎಂದು ಹಿರಿಯ ಅರ್ಥಧಾರಿಗಳು ಹೇಳುತ್ತಾರೆ. ಅವರು ಹೇಳುವುದು ಪ್ರೌಢ ಅರ್ಥಧಾರಿಯ ಬಗ್ಗೆ ಪೂರ್ತಿ ನಿಜ. ಎರಡು ಸ್ವರದ ಮಗುವೂ ಮುಂದೆ ಹನ್ನೆರಡನ್ನೂ ಕಲಿಯಲೇಬೇಕು. ನನ್ನ ಭಿನ್ನಾಭಿಪ್ರಾಯ ಅನುಕ್ರಮದ ಬಗ್ಗೆ ಮಾತ್ರ. ಉತ್ತರ ಕೊಡುವ ಹಸಿವು ಹುಟ್ಟಿದ ಮಗು ಓದನ್ನು ಹುಡುಕಿಕೊಂಡು ಹೋಗುತ್ತದೆ. ಆ ಜಗಲಿಯ ವಾಲಿ, ರುಮೆಯ ವಿಷಯದಲ್ಲಿ ಸಿಕ್ಕಿಬಿದ್ದ ವಾರ, ರಾಮಾಯಣದಲ್ಲಿ ವಾಲಿಗೆ ಏನಾದರೂ ಸಮರ್ಥನೆ ಉಂಟೋ ಎಂದು ಮಾಸ್ತರರ ಕಪಾಟು ತಡಕಾಡಿದನಂತೆ.

ಸ್ಪರ್ಧೆಗಳ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಸ್ಥಾನವಿರುವುದು ನಮಗೆ ಹೆಮ್ಮೆ. 2019ರಲ್ಲಿ ರಾಜ್ಯ ಕಲೋತ್ಸವ ಕಾಞಂಗಾಡಿಗೇ ಬಂದಿತ್ತು. ಸ್ಪರ್ಧೆ ಇರುವ ತನಕ ಮಾಸ್ತರರು ಮಾತನ್ನು ಕಟ್ಟಿಯೇ ಕೊಡುತ್ತಾರೆ, ಅಂಕ ಹೋಗುವ ಹೆದರಿಕೆ ಇದ್ದೇ ಇದೆ. ಅದನ್ನು ನಿಲ್ಲಿಸಿ ಎನ್ನುವುದು ಆಗದ ಮಾತು. ಊರಿನ ಸಂಘಗಳು ನಡೆಸುವ ಮಕ್ಕಳ ಕೂಟಗಳಲ್ಲಾದರೂ, ಕೊನೆಯ ಹತ್ತು ನಿಮಿಷ ಭಾಗವತರು ತಾವೇ ಆರಿಸಿದ ಪದ್ಯ ಹಾಡಿ ಮಕ್ಕಳ ಎದುರಿಡಬಹುದು. ಖರ್ಚೇನಿಲ್ಲ.

ಇನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಳ್ಳುವ ಮಗುವಿನ ಪ್ರಶ್ನೆ. ನಾನು ಇದನ್ನು ಕೊನೆಗೆ ಇಟ್ಟುಕೊಂಡದ್ದು, ಈ ಪತ್ರಿಕೆಯ ಎರಡೂ ಭಾಷೆಯ ಓದುಗರಿಗೆ ಇದು ಸಮಾನವಾಗಿ ಸಂಬಂಧಿಸಿದ್ದೆಂದು. ಕನ್ನಡ ಓದಲು ಬಾರದ ಮಗುವಿಗೆ ಹಾಳೆಯಿಲ್ಲದೆ ಗತಿಯಿಲ್ಲ ಎಂಬ ವಾದ ಮೇಲುನೋಟಕ್ಕೆ ಸರಿ. ಆದರೆ ಆ ಹಾಳೆಯಿಂದ ಮಗುವಿಗೆ ಬರುವುದು ಕನ್ನಡವಲ್ಲ, ಕನ್ನಡದ ಸದ್ದು. ವಾರ್ಷಿಕೋತ್ಸವದ ಮರುದಿನ ಅದು ಮರೆತುಹೋಗುತ್ತದೆ. ಜಗಲಿಯ ಒಂಬತ್ತು ಮಂದಿಯಲ್ಲಿ ಇಬ್ಬರು ಮಲಯಾಳ ಮಾಧ್ಯಮದವರು. ಅವರಿಗೆ ಓದಲು ಬಾರದು, ಕಿವಿ ಚೆನ್ನಾಗಿದೆ. ಅಂಗದ ಸಂಧಾನ ನಡೆಯುತ್ತಿತ್ತು. ಅಂಗದನಾದ ಹುಡುಗ ಅವರಲ್ಲೊಬ್ಬ. ಅವನು ಹೇಳಿದ: “ರಾವಣ, ಸೀತೆಯನ್ನು ಬಿಟ್ಟುಬಿಡು. ರಾಮದೇವರು ಒಳ್ಳೆಯವರು. ನಿನಗೆ ಒಂದು ಅವಸರ ಕೊಡುತ್ತೇನೆ.” ಮಲಯಾಳದಲ್ಲಿ ಅವಸರವೆಂದರೆ ಸಂದರ್ಭ, ಅವಕಾಶ, ಅವನ ಮನಸ್ಸಿನಲ್ಲಿದ್ದದ್ದು ಅದು. ರಾವಣನಾಗಿದ್ದ ಹುಡುಗಿಗೆ ಕನ್ನಡದ ಅವಸರ ಮಾತ್ರ ಗೊತ್ತು. ಅವಳು ಒಂದು ಕ್ಷಣ ತಡೆದು ಅಂದಳು: “ಅವಸರ ಇರುವುದು ನಿಮಗೆ. ಸಮುದ್ರಕ್ಕೆ ಕಲ್ಲು ಹಾಕಿ ಓಡಿ ಬಂದವರು ನೀವು. ನಾನು ನನ್ನ ಮನೆಯಲ್ಲಿ ಕೂತಿದ್ದೇನೆ.”

ಜಗಲಿಯಲ್ಲಿ ನಗೆ. ಹುಡುಗನಿಗೆ ಏಕೆಂದು ಮೊದಲು ತಿಳಿಯಲಿಲ್ಲ. ಮಾಸ್ತರರು ತಿದ್ದಲಿಲ್ಲ, ಶ್ರುತಿ ಹಾಡುತ್ತಲೇ ಇತ್ತು. ತಪ್ಪಿ ಬಂದ ಸ್ವರವನ್ನು ಇನ್ನೊಮ್ಮೆ ಬೇಕೆಂದೇ ನುಡಿಸು, ಆಗ ಅದು ನಿನ್ನದಾಗುತ್ತದೆ ಎಂದು ಜಾಝ್ ಶಿಕ್ಷಕರು ಮಕ್ಕಳಿಗೆ ಹೇಳುವುದುಂಟು. ಇವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಹುಡುಗಿಯ ಮುಖ ನೋಡುತ್ತ ಸ್ವಲ್ಪ ಯೋಚಿಸಿ ಹೇಳಿದ: “ಆಗಲಿ, ನನಗೇ ಅವಸರ. ನನ್ನ ಅಪ್ಪನ ಕಂಕುಳಲ್ಲಿ ಕೂತಿದ್ದಾಗ ನಿನಗೂ ಇತ್ತಲ್ಲ?”

ವಾಲಿ ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ಸಮುದ್ರ ಸುತ್ತಿದ ಕಥೆಯನ್ನು ಹಿಂದಿನ ತಿಂಗಳು ಮಾಸ್ತರರು ಬೇರೇನೋ ಹೇಳುವಾಗ ಒಮ್ಮೆ ಹೇಳಿದ್ದರಂತೆ. ಹುಡುಗಿ ಮುಂದಿನ ವಾರ ಉತ್ತರ ಹೇಳುತ್ತೇನೆಂದು ಎದ್ದಳು.